ಕೌದಿಯ ಚೌಕಗಳು ಸಾಲು ತಪ್ಪದಿರಲಿ

ಸುಗ್ಗಿಯ ಕೆಲಸ ಮುಗಿದು ಮುಂಗಾರು ಬಿತ್ತನೆಗೆ ಇನ್ನೂ ಅವಕಾಶವಿರುವ ಬೇಸಿಗೆಯ ದಿನಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳ ಪಡಸಾಲೆಗಳಲ್ಲಿ ಕೌದಿಯ ಕೆಲಸ ಪ್ರಾರಂಭವಾಗುತ್ತದೆ. ಹಳೆಯ ಸೀರೆ, ಧೋತರ, ಅಂಗಿ, ಕುಪ್ಪಸದ ತುಂಡುಗಳು ಗಂಟಿನಿಂದ ಹೊರಬರುತ್ತವೆ. ಬಳಸಿ ಬಿಟ್ಟ ಬಟ್ಟೆಯಿಂದ ಮತ್ತೆ ಹಲವು ವರ್ಷ ಬಾಳುವ ಹೊದಿಕೆಯನ್ನು ತಯಾರಿಸುವ ಈ ಪದ್ಧತಿ ನಮ್ಮ ಒಕ್ಕಲುತನದ ಮನೆಗಳ ಮಿತವ್ಯಯಕ್ಕೆ ಒಳ್ಳೆಯ ಉದಾಹರಣೆ.

ಕೌದಿಯನ್ನು ಹಲವು ರೀತಿಯಲ್ಲಿ ಹೊಲಿಯುತ್ತಾರೆ. ಅಡಿಬಟ್ಟೆಯ ಮೇಲೆ ತುಂಡುಗಳನ್ನು ಒಂದೊಂದಾಗಿ ಇಟ್ಟು, ಅಲ್ಲಿಯೇ ಹೊಲಿದುಕೊಂಡು ಹೋಗುವುದು ಒಂದು ರೀತಿ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರು ತಮ್ಮ ಕವಂದಿಯನ್ನು ಅಂಚಿನಿಂದ ಪ್ರಾರಂಭಿಸಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತಾರೆ. ಈ ರೀತಿಯಲ್ಲಿ ಇಟ್ಟ ತುಂಡು ಇಟ್ಟಲ್ಲಿಯೇ ಕೂರುವುದರಿಂದ ತುಂಡುಗಳು ಅದಲುಬದಲಾಗುವ ಭಯವಿಲ್ಲ. ಆದರೆ ಒಂದೇ ಅಳತೆಯ ಚೌಕಗಳನ್ನು ಮೊದಲು ಕತ್ತರಿಸಿ, ಒಂದಕ್ಕೊಂದು ಜೋಡಿಸಿ, ಮೇಲುಹೊದಿಕೆಯನ್ನು ಬೇರೆಯಾಗಿಯೇ ತಯಾರಿಸುವುದು ಇನ್ನೊಂದು ರೀತಿ. ಇದು ನೋಡಲು ಅಂದ, ಹೊಲಿಗೆ ಯಂತ್ರದಲ್ಲಿಯೂ ಮಾಡಬಹುದು. ಆದರೆ ಹತ್ತಾರು ಚೌಕಗಳು ಬಿಡಿಬಿಡಿಯಾಗಿ ಕೈಯಲ್ಲಿರುವುದರಿಂದ ಕ್ರಮ ತಪ್ಪುವುದು ಬಹು ಸುಲಭ.

ಒಂದು ಅನುಭವ

ಒಮ್ಮೆ ಹಳ್ಳಿಯೊಂದಕ್ಕೆ ಹೋದಾಗ ಮಧ್ಯವಯಸ್ಸಿನ ರೈತ ಮಹಿಳೆಯೊಬ್ಬರು ತಮ್ಮ ಅರೆಬರೆ ಕೌದಿಯನ್ನು ತಂದು ತೋರಿಸಿದರು. ಚೊಚ್ಚಲ ಬಾಣಂತನಕ್ಕೆ ಬರಲಿದ್ದ ಮಗಳಿಗಾಗಿ, ತೀರಿಕೊಂಡ ಅತ್ತೆಯವರ ಹಸಿರು ಸೀರೆಯಿಂದ ಅದನ್ನು ಹೊಲಿಯುತ್ತಿದ್ದರು. ಚೌಕಗಳನ್ನು ನೆಲದ ಮೇಲೆ ಅಂದವಾಗಿ ಹೊಂದಿಸಿದ್ದರಂತೆ. ಅಷ್ಟರಲ್ಲಿ ಬೀಗರು ಬಂದರು. ಪಡಸಾಲೆ ತೆರವು ಮಾಡಬೇಕಾಗಿ ಎಲ್ಲವನ್ನೂ ಬುಟ್ಟಿಗೆ ಬಾಚಿ ಹಾಕಿದರು. ನಂತರ ನೆನಪಿನ ಮೇಲೆ ಹೊಲಿಯುತ್ತಾ ಹೋದರು. ಐದು ಸಾಲು ಕೂಡಿಸಿದ ಮೇಲೆ ಹಾಸಿ ನೋಡಿದರೆ ಮೂರನೆಯ ಸಾಲಿನ ನಡುವೆ ಎರಡು ಹಸಿರು ಚೌಕಗಳು ಒತ್ತಟ್ಟಿಗೆ ಕುಳಿತಿದ್ದವು.

"ಮೂರು ದಿನ ಕುಂತು ಹೊಲದಿದ್ದೇರಿ ಅಕ್ಕಾರ. ಬಿಚ್ಚಾಕ ಹೋದ್ರ ಅರಿವಿನ ಹರದು ಹೋತು. ಅತ್ತಿ ಸೀರಿ ಇನ್ನ ಎಲ್ಲಿಂದ ತರ್ಲಿ?" ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅವರ ಮಾತಿನಲ್ಲಿಯೇ ಈ ಲೇಖನದ ತಿರುಳಿದೆ. ಹೊಸ ಬಟ್ಟೆಯ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಒಗೆದು ಒಗೆದು ಸವೆದ ಹಳೆಯ ಬಟ್ಟೆ ಎರಡನೆಯ ಸಲ ಸೂಜಿಯನ್ನು ತಾಳುವುದಿಲ್ಲ. ಆದುದರಿಂದ ಕೌದಿಯಲ್ಲಿ ತಪ್ಪನ್ನು ತಿದ್ದುವುದಕ್ಕಿಂತ ತಪ್ಪಾಗದಂತೆ ನೋಡಿಕೊಳ್ಳುವುದೇ ಲೇಸು. ಅದಕ್ಕೆ ಬೇಕಾಗುವುದು ಒಂದಿಷ್ಟು ಚೀಟಿ, ಪಿನ್ನು ಮತ್ತು ಒಂದು ಕ್ರಮ.

ಅಳತೆ ಮತ್ತು ಲೆಕ್ಕ

ಮೊದಲು ಎಲ್ಲ ಬಟ್ಟೆಗಳನ್ನೂ ಒಗೆದು ಒಣಗಿಸಬೇಕು. ಬಣ್ಣ ಬಿಡುವ ಬಟ್ಟೆಯನ್ನು ಬೇರೆಯಾಗಿ ನೆನೆಸಿ ಪರೀಕ್ಷಿಸಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಜಾಳಾದ ಭಾಗವನ್ನು ತೆಗೆದುಹಾಕಬೇಕು. ಈ ಭಾಗ ಒಳಪದರಕ್ಕೆ ಉಪಯೋಗವಾಗುತ್ತದೆ.

10 ಇಂಚು ಉದ್ದ, 10 ಇಂಚು ಅಗಲದ ಗಟ್ಟಿ ರಟ್ಟಿನ ಅಚ್ಚನ್ನು ಮಾಡಿಕೊಂಡು ಅದರಂತೆ ಚೌಕಗಳನ್ನು ಕತ್ತರಿಸಿರಿ. ನಾಲ್ಕು ಕಡೆಯೂ ಅರ್ಧ ಇಂಚು ಹೊಲಿಗೆಗೆ ಹೋದರೆ ಉಳಿಯುವುದು 9 ಇಂಚಿನ ಚೌಕ. ಅಡ್ಡಕ್ಕೆ 7, ಉದ್ದಕ್ಕೆ 9 ಚೌಕಗಳನ್ನು ಇಟ್ಟರೆ ಒಟ್ಟು 63 ಚೌಕಗಳಾಗುತ್ತವೆ. ಕೌದಿಯು 63 ಇಂಚು ಅಗಲ, 81 ಇಂಚು ಉದ್ದ, ಅಂದರೆ 5 ಅಡಿ 3 ಇಂಚು ಅಗಲ, 6 ಅಡಿ 9 ಇಂಚು ಉದ್ದವಾಗುತ್ತದೆ.

ಗಾಢ ಬಣ್ಣ, ತಿಳಿ ಬಣ್ಣಗಳನ್ನು ಒಂದು ಬಿಟ್ಟು ಒಂದರಂತೆ ಇಡುವುದಾದರೆ ಗಾಢ ಬಣ್ಣದವು 32, ತಿಳಿ ಬಣ್ಣದವು 31 ಬೇಕು. 45 ಇಂಚು ಅಗಲದ ಸೀರೆಯಲ್ಲಿ ಅಡ್ಡಕ್ಕೆ ನಾಲ್ಕು ಚೌಕ ಬರುತ್ತವೆ. ಹೀಗಾಗಿ 80 ಇಂಚು ಗಟ್ಟಿ ಬಟ್ಟೆ ದೊರೆತರೆ 32 ಚೌಕಗಳು ಸಿಕ್ಕಂತಾಯಿತು.

ಅಡ್ಡಸಾಲಿನಲ್ಲಿ ಚೌಕಗಳ ಸಂಖ್ಯೆ 7ರಂತೆ ಬೆಸವಾಗಿರುವುದು ಒಳ್ಳೆಯದು. ಸಾಲಿನ ಎರಡು ತುದಿಯಲ್ಲಿಯೂ ಒಂದೇ ಬಣ್ಣ ಬರುವುದರಿಂದ ಪಟ್ಟಿಯು ಅಕಸ್ಮಾತ್ ತಿರುವುಮುರುವಾದರೂ ಬಣ್ಣದ ಸಾಲು ಕೆಡುವುದಿಲ್ಲ. 6 ಅಥವಾ 8 ಇಟ್ಟರೆ ತಿರುಗಿದ ಪಟ್ಟಿಯು ಪಕ್ಕದ ಸಾಲಿನೊಂದಿಗೆ ಬಣ್ಣಕ್ಕೆ ಬಣ್ಣ ಕೂಡಿ ತಪ್ಪು ಎದ್ದು ಕಾಣುತ್ತದೆ.

ಹಾಸಿ ನೋಡುವುದು

ಕತ್ತರಿಸಿದ ಚೌಕಗಳನ್ನು ಬರಿನೆಲದ ಮೇಲೆ ಹಾಸಿದರೆ ಗಾಳಿ, ಕೋಳಿ, ಮಕ್ಕಳು ಯಾವುದೂ ಅವುಗಳನ್ನು ಬಿಡುವುದಿಲ್ಲ. ಆದುದರಿಂದ ಒಂದು ಕಂಬಳಿಯನ್ನು ಹಾಸಿ ಅದರ ಮೇಲೆ ಹೊಂದಿಸುವುದು ಸೂಕ್ತ. ಉಣ್ಣೆಯ ಒರಟು ಮೈ ಹತ್ತಿ ಬಟ್ಟೆಯನ್ನು ಜಾರಗೊಡುವುದಿಲ್ಲ. ನಡುವೆ ಜಾಗ ತೆರವು ಮಾಡಬೇಕಾಗಿ ಬಂದರೆ ಮೇಲೊಂದು ಧೋತರ ಹೊದಿಸಿ, ಕೋಲಿಗೆ ಚಾಪೆಯಂತೆ ಸುತ್ತಿ ಮೂಲೆಗಿಡಬಹುದು. ಮೇಲೆ ಹೇಳಿದ ಮಹಿಳೆಯ ಮನೆಯಲ್ಲಿ ಕಂಬಳಿಗೆ ಕೊರತೆ ಇರಲಿಲ್ಲ, ಉಪಾಯ ಮಾತ್ರ ತಿಳಿದಿರಲಿಲ್ಲ.

ಹಾಸಿದ ಮೇಲೆ ಕಟ್ಟೆಯ ಮೇಲೋ ಏಣಿಯ ಮೇಲೋ ನಿಂತು ದೂರದಿಂದ ನೋಡಿರಿ. ಸಮೀಪದಲ್ಲಿ ಕಾಣದ ತಪ್ಪು ದೂರದಿಂದ ಕಾಣುತ್ತದೆ. ಮನಸ್ಸಿಗೆ ಒಪ್ಪಿದ ನಂತರ ಮಕ್ಕಳ ಗಣಿತದ ಚೌಕುಳಿ ಹಾಳೆಯ ಮೇಲೆ ಅದರ ನಕ್ಷೆ ಬರೆದಿಡಬೇಕು. ಈಗ ಬಹಳಷ್ಟು ಮನೆಗಳಲ್ಲಿ ಮೊಬೈಲ್ ಫೋನ್ ಇರುವುದರಿಂದ ಒಂದು ಫೋಟೋ ತೆಗೆದಿಡುವುದೂ ಒಳ್ಳೆಯದೇ. ಆದರೆ ಫೋಟೋ ಒಂದನ್ನೇ ನಂಬಬಾರದು. ಒಂದೇ ಸೀರೆಯಿಂದ ಬಂದ 32 ಚೌಕಗಳಲ್ಲಿ ಯಾವುದು ಎಲ್ಲಿಯದೆಂದು ಅದು ಹೇಳಲಾರದು.

ಗುರುತು ಹಾಕುವ ವಿಧಾನ

ಅಡ್ಡಸಾಲುಗಳಿಗೆ ಅಕ್ಷರ, ಸಾಲಿನೊಳಗಿನ ಚೌಕಗಳಿಗೆ ಅಂಕಿ ಕೊಡಬೇಕು. ಎರಡಕ್ಕೂ ಅಂಕಿ ಕೊಟ್ಟರೆ ಮೂರನೆಯ ಸಾಲಿನ ಐದನೆಯದು ಯಾವುದು, ಐದನೆಯ ಸಾಲಿನ ಮೂರನೆಯದು ಯಾವುದು ಎಂದು ಗೊಂದಲವಾಗುತ್ತದೆ. ಒಂಬತ್ತು ಸಾಲುಗಳಿಗೆ ಅ, ಆ, ಇ, ಈ, ಉ, ಊ, ಎ, ಏ, ಐ ಎಂದು ಹೆಸರಿಟ್ಟರೆ ಮೊದಲ ಚೌಕ ಅ1, ಕೊನೆಯ ಚೌಕ ಐ7 ಆಗುತ್ತದೆ.

ಗುರುತು ಬರೆದ ಚೀಟಿಯನ್ನು ಪ್ರತಿ ಚೌಕದ ಹೊರಮೈಗೆ, ಎಡಗಡೆಯ ಮೇಲ್ಮೂಲೆಯಲ್ಲಿ, ಅಂಚಿನಿಂದ ಎರಡು ಇಂಚು ಒಳಗೆ ಪಿನ್ನಿನಿಂದ ಸಿಕ್ಕಿಸಬೇಕು. ಎಲ್ಲ ಚೌಕಗಳಿಗೂ ಇದೇ ಮೂಲೆ ಎಂಬ ನಿಯಮ ಬಹಳ ಮುಖ್ಯ. ಏಕೆಂದರೆ ಚೀಟಿಯು ಚೌಕದ ಜಾಗವನ್ನಷ್ಟೇ ಅಲ್ಲ, ಅದರ ದಿಕ್ಕನ್ನೂ ತಿಳಿಸುತ್ತದೆ. ಎರಡು ತ್ರಿಕೋನ ಕೂಡಿಸಿ ಮಾಡಿದ ಚೌಕಗಳಲ್ಲಿ ದಿಕ್ಕು ತಪ್ಪಿದರೆ ಇಡೀ ಚಿತ್ರವೇ ಕೆಡುತ್ತದೆ. ಸಾದಾ ಚೌಕಗಳಲ್ಲಿಯೂ ಹಾಸುಎಳೆ ಮೇಲೆ ಕೆಳಗಾಗಿ ಇರುವಂತೆ ಎಲ್ಲವನ್ನೂ ಒಂದೇ ದಿಕ್ಕಿಗೆ ಇಟ್ಟರೆ ಬಟ್ಟೆ ಒಂದೇ ಸಮನೆ ಎಳೆಯುತ್ತದೆ. ಪಿನ್ನು ತುಕ್ಕು ಹಿಡಿದಿರಬಾರದು. ಅದರ ಕಲೆ ಹೋಗುವುದಿಲ್ಲ.

ಓದು ಬಾರದ ಹಿರಿಯರು ಹೊಲಿಯುವುದಾದರೆ ಅದೇ ಮೂಲೆಯಲ್ಲಿ ದಾರದ ಗುರುತು ಹಾಕಬಹುದು. ಎಷ್ಟನೆಯ ಸಾಲೋ ಅಷ್ಟು ಕೆಂಪು ಎಳೆ, ಎಷ್ಟನೆಯ ಚೌಕವೋ ಅಷ್ಟು ಬಿಳಿ ಎಳೆ. ಕತ್ತಲಲ್ಲಿಯೂ ಬೆರಳಿನಿಂದ ಎಣಿಸಬಹುದಾದ ಗುರುತು ಬೇಕೆಂದರೆ ಎಳೆಗಳಿಗೆ ಬದಲು ಗಂಟುಗಳನ್ನು ಹಾಕಿರಿ. ಸಾಲಿನ ಗಂಟುಗಳು ಮೇಲೆ, ಚೌಕದ ಗಂಟುಗಳು ಕೆಳಗೆ ಇರಲಿ.

ಕೈಹೊಲಿಗೆಯಲ್ಲಿ ಸಾಲು ಸಾಲಾಗಿ

ಕೈಯಿಂದ ಹೊಲಿಯುವವರು ಒಂದೊಂದೇ ಸಾಲನ್ನು ಎತ್ತಿಕೊಳ್ಳಬೇಕು. 7ನೆಯದು ಕೆಳಗೆ, 1ನೆಯದು ಮೇಲೆ ಬರುವಂತೆ ಪೇರಿಸಿ, ಸೂಜಿಯಿಂದ ಒಂದು ದಾರ ಹಾಯಿಸಿ ಸಡಿಲವಾಗಿ ಕಟ್ಟಿರಿ. ಇಂತಹ ಒಂಬತ್ತು ಕಟ್ಟುಗಳಾಗುತ್ತವೆ. ಒಂದು ಸಲಕ್ಕೆ ಒಂದೇ ಕಟ್ಟನ್ನು ಬಿಚ್ಚಬೇಕು. ಅದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬಾರದು.

ಸಾಲು ಮುಗಿದ ಮೇಲೆ ಮಿಕ್ಕ ಚೀಟಿಗಳನ್ನು ತೆಗೆದರೂ 1ನೆಯ ಚೌಕದ ಚೀಟಿಯನ್ನು ಕೊನೆಯವರೆಗೆ ತೆಗೆಯಕೂಡದು. ಇದರಿಂದ ಪಟ್ಟಿಯ ಎಡತುದಿ ಯಾವುದೆಂದು ತಿಳಿಯುತ್ತದೆ. ನಂತರ ಅ-ಆ, ಇ-ಈ, ಉ-ಊ ಹೀಗೆ ಎರಡೆರಡು ಪಟ್ಟಿ ಕೂಡಿಸಿ, ಆಮೇಲೆ ಜೋಡಿಗಳನ್ನು ಒಂದುಗೂಡಿಸಿದರೆ ಭಾರದ ಬಟ್ಟೆಯನ್ನು ಮಡಿಲಲ್ಲಿ ಹೊರುವ ಶ್ರಮ ಕಡಿಮೆ.

ಯಂತ್ರದಲ್ಲಿ ದಾರ ಕತ್ತರಿಸದೆ ಹೊಲಿಯುವುದು

ಮನೆಯಲ್ಲಿ ಕಾಲಿನಿಂದ ಮೆಟ್ಟುವ ಹೊಲಿಗೆ ಯಂತ್ರವಿದ್ದರೆ ಇನ್ನೂ ಭದ್ರವಾದ ವಿಧಾನವೊಂದಿದೆ. ಇದರಲ್ಲಿ ದಾರವೇ ಸಾಲುಗಳನ್ನು ಕಾಯುತ್ತದೆ.

1. ಈ ಸಲ ಅಡ್ಡಸಾಲಿಗೆ ಬದಲು ಉದ್ದಸಾಲಿನಂತೆ ಚೌಕಗಳನ್ನು ಎತ್ತಿರಿ. ಅ1 ಮೇಲೆ, ಐ1 ಕೆಳಗೆ ಇರುವ ಒಂದು ಪೇರು. ಅ2 ಮೇಲೆ, ಐ2 ಕೆಳಗೆ ಇರುವ ಇನ್ನೊಂದು ಪೇರು. ಹೀಗೆ ಏಳು ಪೇರುಗಳು.

2. ಪುಸ್ತಕದ ಹಾಳೆ ಮಗುಚುವಂತೆ ಅ2ನ್ನು ಅ1ರ ಮೇಲೆ ಮಗುಚಿ, ಹೊರಮೈಗಳು ಎದುರುಬದುರಾದ ಮೇಲೆ ಬಲಗಡೆಯ ಅಂಚನ್ನು ಹೊಲಿಯಿರಿ.

3. ದಾರ ಕತ್ತರಿಸಬೇಡಿರಿ. ಎರಡು ಮೂರು ಖಾಲಿ ಹೊಲಿಗೆ ಹಾಕಿ, ಹಾಗೆಯೇ ಆ1-ಆ2ನ್ನು ಕೊಡಿರಿ. ಈ ರೀತಿ ಐ1-ಐ2ರವರೆಗೆ ಹೊಲಿದ ಮೇಲೆ ಮಾತ್ರ ದಾರ ಕತ್ತರಿಸಿರಿ. ಒಂಬತ್ತು ಜೋಡಿಗಳು ತೋರಣದಂತೆ ಒಂದರ ಕೆಳಗೊಂದು ತೂಗುತ್ತವೆ.

4. ಮತ್ತೆ ಅ ಸಾಲಿನಿಂದ ಪ್ರಾರಂಭಿಸಿ ಅ3ನ್ನು ಅ2ಕ್ಕೆ, ಆ3ನ್ನು ಆ2ಕ್ಕೆ ಇದೇ ರೀತಿ ಕೂಡಿಸಿರಿ. 7ನೆಯದರವರೆಗೆ ಹೀಗೆಯೇ ಮುಂದುವರಿಸಿರಿ.

ಕೊನೆಗೆ ಒಂಬತ್ತು ಸಾಲುಗಳೂ ದಾರದ ಸಣ್ಣ ಸಣ್ಣ ಕೊಂಡಿಗಳಿಂದ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಬುಟ್ಟಿಗೆ ತುಂಬಿದರೂ, ಗಂಟು ಕಟ್ಟಿದರೂ ಯಾವ ಚೌಕವೂ ತನ್ನ ಜಾಗ ಬಿಟ್ಟು ಹೋಗಲಾರದು. ಇನ್ನು ಉಳಿಯುವುದು ಅಡ್ಡಸಾಲುಗಳನ್ನು ಕೂಡಿಸುವ ಎಂಟು ಉದ್ದ ಹೊಲಿಗೆಗಳು ಮಾತ್ರ. ಕೊಂಡಿಗಳನ್ನು ಅಲ್ಲಿಯವರೆಗೆ ಕತ್ತರಿಸಬಾರದು. ಪ್ರತಿ ಜೋಡಿಗೂ ದಾರ ಎಳೆದು ಕತ್ತರಿಸುವುದು ತಪ್ಪುವುದರಿಂದ ದಾರವೂ ಸಮಯವೂ ಉಳಿಯುತ್ತವೆ.

ಗಮನಿಸಬೇಕಾದ ಇತರ ಅಂಶಗಳು

ಹೊಲಿಗೆಯ ಒಳಅಂಚುಗಳನ್ನು ಮೊದಲ ಸಾಲಿನಲ್ಲಿ ಬಲಕ್ಕೆ, ಎರಡನೆಯದರಲ್ಲಿ ಎಡಕ್ಕೆ, ಮತ್ತೆ ಮೂರನೆಯದರಲ್ಲಿ ಬಲಕ್ಕೆ ಮಡಿಸಿ ಒತ್ತಿರಿ. ಸಾಲುಗಳನ್ನು ಕೂಡಿಸುವಾಗ ಒಂದರ ಮಡಿಕೆಗೆ ಇನ್ನೊಂದರ ಮಡಿಕೆ ಒತ್ತಿಕೊಂಡು ನಾಲ್ಕು ಮೂಲೆಗಳೂ ಸರಿಯಾಗಿ ಸೇರುತ್ತವೆ, ಗಂಟು ಕಟ್ಟಿದಂತೆ ದಪ್ಪವಾಗುವುದಿಲ್ಲ. ಇಸ್ತ್ರಿ ಇಲ್ಲದಿದ್ದರೆ ಉಗುರಿನಿಂದ ಗೀರಿ ಒತ್ತಿದರೂ ಸಾಕು.

ಹೊಲಿಗೆಯ ಅಂಚು ಎಲ್ಲೆಡೆ ಅರ್ಧ ಇಂಚೇ ಇರಬೇಕು. ಒಂದು ಹೊಲಿಗೆಯಲ್ಲಿ ಎರಡೂ ಚೌಕ ಸೇರಿ ಕಾಲು ಇಂಚು ಹೆಚ್ಚು ನುಂಗಿದರೆ, ಸಾಲಿನ ಆರು ಹೊಲಿಗೆಗಳಲ್ಲಿ ಒಂದೂವರೆ ಇಂಚು ಕಡಿಮೆಯಾಗಿ ಆ ಪಟ್ಟಿ ಪಕ್ಕದ ಪಟ್ಟಿಗೆ ಹೊಂದದು. ಪ್ರತಿ ಸಾಲು ಮುಗಿದ ಕೂಡಲೇ ಅಳೆದು ನೋಡುವುದು ಕ್ಷೇಮ. ಹೊರ ಅಂಚುಗಳನ್ನು ಇನ್ನೂ ಮಡಿಸಿಲ್ಲದ ಪಟ್ಟಿ 64 ಇಂಚು ಇರಬೇಕು.

ಮಳೆ ಬಿದ್ದು ಬಿತ್ತನೆಯ ಕೆಲಸ ಬಂದರೆ ಕೌದಿಯನ್ನು ಕಟ್ಟಿಡುವುದು ಅನಿವಾರ್ಯ. ಆಗ ಹೊಲಿದ ಭಾಗ, ಉಳಿದ ಕಟ್ಟುಗಳು, ನಕ್ಷೆಯ ಹಾಳೆ ಇವೆಲ್ಲವನ್ನೂ ಒಣಗಿದ ಬೇವಿನ ಎಲೆಗಳೊಂದಿಗೆ ಒಂದೇ ಗಂಟಿನಲ್ಲಿ ಇಡಿರಿ. ನಕ್ಷೆಯಲ್ಲಿ ಮುಗಿದ ಸಾಲುಗಳಿಗೆ ಗೆರೆ ಎಳೆದಿದ್ದರೆ ನಾಲ್ಕು ತಿಂಗಳ ನಂತರ ಗಂಟು ಬಿಚ್ಚಿದರೂ ನಿಂತ ಜಾಗದಿಂದಲೇ ಕೆಲಸ ಮುಂದುವರಿಸಬಹುದು. ನೀವಿಲ್ಲದಾಗ ಸೊಸೆಯೋ ಮಗಳೋ ಮುಂದುವರಿಸಬಹುದು.

ಮೇಲುಹೊದಿಕೆ ಸಿದ್ಧವಾದ ಮೇಲೆ ಅಡಿಬಟ್ಟೆ, ಒಳಪದರಗಳ ಮೇಲೆ ಹಾಸಿ ಎಂದಿನಂತೆ ದಾರ ಹಾಯಿಸಬಹುದು. ಅದಕ್ಕೆ ಮೊದಲು ಎಲ್ಲ ಪಿನ್ನುಗಳನ್ನೂ ಎಣಿಸಿ ತೆಗೆಯಬೇಕು. 63 ಚೌಕಗಳಿಗೆ 63 ಪಿನ್ನು ಹಾಕಿದ್ದರೆ 63 ಪಿನ್ನೂ ಡಬ್ಬಿಗೆ ಮರಳಬೇಕು. ಕೌದಿಯು ಎಳೆಯ ಮಗುವಿನ ಮೈಗೆ ತಾಗುವ ವಸ್ತು ಎಂಬುದನ್ನು ಮರೆಯಬಾರದು.

ಮುಕ್ತಾಯ

ಹೊಲದಲ್ಲಿ ಅಕ್ಕಡಿ ಸಾಲು ಹಿಡಿಯುವ ರೈತ ಯಾವ ಬೆಳೆಯ ಎಷ್ಟು ಸಾಲಿನ ನಂತರ ಯಾವುದು ಎಂಬುದನ್ನು ಬಿತ್ತುವ ಮೊದಲೇ ನಿಶ್ಚಯಿಸಿಕೊಳ್ಳುತ್ತಾನೆ. ಬಿತ್ತಿದ ಮೇಲೆ ಅದನ್ನು ಬದಲಿಸಲಾಗದು. ಕೌದಿಯೂ ಹಾಗೆಯೇ. ಈ ಲೇಖನವನ್ನು ಓದುವ ರೈತ ಬಾಂಧವರು ಮನೆಯ ಹೆಣ್ಣುಮಕ್ಕಳಿಗೆ ಓದಿ ಹೇಳಿದರೆ ಸಾಲದು, ರಟ್ಟಿನ ಅಚ್ಚು ಕತ್ತರಿಸಿ ಕೊಡುವುದು, ಚೀಟಿ ಬರೆಯುವುದು, ನಕ್ಷೆ ಹಾಕುವುದು ಮುಂತಾದ ಕೆಲಸಗಳಲ್ಲಿ ತಾವೂ ಕೈಗೂಡಿಸಬೇಕು.

ಮೇಲೆ ಹೇಳಿದ ಮಹಿಳೆ ಹರಿದ ಚೌಕದ ಜಾಗದಲ್ಲಿ ತಮ್ಮದೇ ಸೀರೆಯ ತುಂಡೊಂದನ್ನು ಕೂಡಿಸಿ ಕೌದಿಯನ್ನು ಮುಗಿಸಿದರು. ಉಳಿದ ನಾಲ್ಕು ಸಾಲುಗಳಿಗೆ ಚೀಟಿ ಹಾಕಿಕೊಂಡಿದ್ದರು. ಅವುಗಳಲ್ಲಿ ಒಂದು ಹೊಲಿಗೆಯನ್ನೂ ಬಿಚ್ಚುವ ಪ್ರಸಂಗ ಬರಲಿಲ್ಲ.