ನಿಮಗಿದು ಗೊತ್ತೇ? 625 ಮಾತ್ರೆಯೊಳಗಿನ ಆ 125

● ಹಲ್ಲು ಕೀಳಿಸಿಕೊಂಡಾಗ, ಸೈನಸ್ ಕಾಡಿದಾಗ ಡಾಕ್ಟರು ಬರೆದುಕೊಡುವ ‘625’ ಮಾತ್ರೆಯಲ್ಲಿ 500 ಮಿಲಿಗ್ರಾಂ ಅಮಾಕ್ಸಿಸಿಲಿನ್. ಉಳಿದ 125 ಕ್ಲಾವುಲಾನಿಕ್ ಆಮ್ಲ. ರೋಗಾಣು ಕೊಲ್ಲುವುದರಲ್ಲಿ ಇದು ಅಷ್ಟಕ್ಕಷ್ಟೇ. ಅಮಾಕ್ಸಿಸಿಲಿನ್ನನ್ನು ಮುರಿದುಹಾಕುವ ಬ್ಯಾಕ್ಟೀರಿಯಾದ ಕಿಣ್ವವನ್ನು ಕಟ್ಟಿಹಾಕುವುದೇ ಇದರ ಉದ್ಯೋಗ.

● ಇದನ್ನು ತಯಾರಿಸುವುದು ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಅದೇ ಜೀವಿ ಸೆಫಾಮೈಸಿನ್-ಸಿ, ಪೆನಿಸಿಲಿನ್-ಎನ್ ಎಂಬ ಆಂಟಿಬಯೋಟಿಕ್‌ಗಳನ್ನೂ ಮಾಡಿ ತನ್ನನ್ನು ಬೆಳೆಸುವ ಟ್ಯಾಂಕಿನ ಬ್ರಾತ್‌ಗೆ (ಪೋಷಕ ದ್ರವಕ್ಕೆ) ಬೆರೆಸಿಬಿಡುತ್ತದೆ. ಕ್ಲಾವುಲಾನಿಕ್ ಆಮ್ಲ ಎಷ್ಟಿದೆಯೆಂದು ಅಳೆಯುವವರಿಗೆ ತಲೆನೋವು ಶುರುವಾಗುವುದೇ ಇಲ್ಲಿ.

● ಹಳೆಯ ಅಳತೆ ಹೀಗಿತ್ತು: ಬ್ಯಾಕ್ಟೀರಿಯಾ ಹರಡಿದ ಅಗರ್ ತಟ್ಟೆಯ ಮೇಲೆ ದ್ರಾವಣವಿಟ್ಟು, ಅದರ ಸುತ್ತ ಏನೂ ಬೆಳೆಯದೆ ಉಳಿದ ವೃತ್ತದ ಅಗಲ ನೋಡುವುದು. ಆಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಹೀಟ್ಲಿ ಪೆನಿಸಿಲಿನ್ ಅಳೆದದ್ದು ಇದೇ ರೀತಿ. ಪೆನಿಸಿಲಿನ್ ಇಂಜೆಕ್ಷನ್‌ಗೆ ಇಂದಿಗೂ ಆ ಅಳತೆಯಿಂದ ಬಂದ ಯೂನಿಟ್ ಲೆಕ್ಕವೇ. 1 ಯೂನಿಟ್ ಎಂದರೆ ಸುಮಾರು 0.6 ಮೈಕ್ರೊಗ್ರಾಂ. ಆದರೆ ವೃತ್ತ ಎಷ್ಟು ಕೊಂದಿತೆಂದು ಹೇಳುತ್ತದೆಯೇ ಹೊರತು ಕೊಂದವರು ಯಾರೆಂದು ಹೇಳುವುದಿಲ್ಲ.

● ಅದನ್ನು ಹೇಳುವುದು ಎಚ್‌ಪಿಎಲ್‌ಸಿ, ಅಂದರೆ ಮಿಶ್ರಣವನ್ನು ಕಾಲಮ್ಮಿನ ಮೂಲಕ ಹಾಯಿಸಿ ಬೇರೆ ಬೇರೆ ಮಾಡುವ ಒಂದು ಬಗೆಯ ಕ್ರೊಮಾಟೊಗ್ರಫಿ. ಸೋಸಿದ ಬ್ರಾತ್ ಕೆಲವೇ ಮೈಕ್ರೊಲೀಟರ್ ಸಾಕು. ಸ್ಟೀಲ್ ಕಾಲಮ್ಮಿನಲ್ಲಿ 5 ಮೈಕ್ರಾನ್ ಆಸುಪಾಸಿನ ಸಿಲಿಕಾ ಕಣಗಳು; ಅವುಗಳ ಮೈಗೆ 18 ಇಂಗಾಲದ ಉದ್ದನೆಯ ಸರಪಳಿಗಳು. ನೀರಿಗೆ ಒಗ್ಗುವ ವಸ್ತು ಬೇಗ ಹೊರಬೀಳುತ್ತದೆ, ಜಿಡ್ಡಿಗೆ ಒಗ್ಗುವುದು ತಡವಾಗಿ. ಒಂದೊಂದಕ್ಕೂ ಪರದೆಯ ಮೇಲೆ ಒಂದು ಪೀಕ್. ಅದರ ವಿಸ್ತೀರ್ಣವನ್ನು ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡಿನ ಪೀಕ್ ಜೊತೆ ತಾಳೆ ನೋಡಿದರೆ ಲೆಕ್ಕ ಸಿಕ್ಕಿತು.

● ಕ್ಲಾವುಲಾನಿಕ್ ಆಮ್ಲ ಮಾತ್ರ ಇಲ್ಲೂ ಸತಾಯಿಸುತ್ತದೆ. ನೀರಿಗೆ ಬಹಳ ಒಗ್ಗುವುದರಿಂದ, ಜಾತ್ರೆ ಬಸ್ಸಿನ ಬಾಗಿಲಿನಲ್ಲಿ ಇಳಿಯುವವರಂತೆ ಬ್ರಾತ್‌ನ ಇತರ ಕಸದ ಜೊತೆಗೇ ನುಗ್ಗಿ ಹೊರಬರುತ್ತದೆ. ಪೀಕ್ ಮೂಡಿಸುವ ನೇರಳಾತೀತ ಬೆಳಕನ್ನು ಹೀರುವುದೂ ಕಡಿಮೆ. ಅದಕ್ಕೇ ಮೊದಲು ಇಮಿಡಜೋಲ್ ಬೆರೆಸಿ ಸ್ವಲ್ಪ ಹೊತ್ತು ಬಿಡುತ್ತಾರೆ. ಹುಟ್ಟುವ ಹೊಸ ಸಂಯುಕ್ತ ಕಾಲಮ್ಮಿನಲ್ಲಿ ಇನ್ನಷ್ಟು ನಿಲ್ಲುತ್ತದೆ, 312 ನ್ಯಾನೊಮೀಟರ್‌ನಲ್ಲಿ ಎದ್ದು ಕಾಣುತ್ತದೆ. ಅಲ್ಲಿ ಬ್ರಾತ್‌ನ ಉಳಿದ ಸರಕಿನ ಗದ್ದಲವೂ ಕಡಿಮೆ. ಇಡೀ ವಿಧಾನದಲ್ಲಿ ನನಗೆ ಮೆಚ್ಚಿಗೆಯಾದ ಜಾಣತನ ಇದು.

● 1952ರ ರಸಾಯನಶಾಸ್ತ್ರ ನೊಬೆಲ್ ಎಚ್‌ಪಿಎಲ್‌ಸಿಯ ಪೂರ್ವಜನಾದ ಪಾರ್ಟಿಷನ್ ಕ್ರೊಮಾಟೊಗ್ರಫಿಗಾಗಿ ಮಾರ್ಟಿನ್ ಮತ್ತು ಸಿಂಜ್ ಅವರಿಗೆ. ಅದೇ ವರ್ಷದ ವೈದ್ಯಕೀಯ ನೊಬೆಲ್, ಇದೇ ಸ್ಟ್ರೆಪ್ಟೊಮೈಸಿಸ್ ಬಳಗದ ಕೊಡುಗೆಯಾದ ಸ್ಟ್ರೆಪ್ಟೊಮೈಸಿನ್‌ಗಾಗಿ ವಾಕ್ಸ್‌ಮನ್‌ಗೆ.

● ಸ್ಯಾಂಪಲ್ ತೆಗೆದು ‘ನಾಳೆ ನೋಡೋಣ’ ಎಂದು ಬೆಂಚಿನ ಮೇಲೆ ಬಿಡುವಂತಿಲ್ಲ. ನೀರಿನಲ್ಲಿ ಕ್ಲಾವುಲಾನಿಕ್ ಆಮ್ಲ ತಾನಾಗಿಯೇ ಒಡೆಯುತ್ತದೆ. ಬೇಗ ತಂಪು ಮಾಡದಿದ್ದರೆ ಟ್ಯಾಂಕಿನಲ್ಲಿದ್ದಷ್ಟು ರಿಪೋರ್ಟಿನಲ್ಲಿ ಇರುವುದಿಲ್ಲ.