‘ಸ್ಮೂತ್’ ಅಂದ್ರೆ ಸುಲಭ ಅಂತಲ್ಲ: ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ ಸ್ಯಾಕ್ಸೊಫೋನ್

ಹೋಟೆಲ್ ಲಾಬಿ, ಏರ್‌ಪೋರ್ಟು, ಮಾಲ್‌ನ ಲಿಫ್ಟು, ಕಸ್ಟಮರ್ ಕೇರ್‌ನವರು ನಮ್ಮನ್ನ ಲೈನಲ್ಲಿ ಕಾಯಿಸೋ ಹೊತ್ತು. ಇಂಥ ಕಡೆಯೆಲ್ಲ ಹಿನ್ನೆಲೆಯಲ್ಲಿ ಮೆಲ್ಲಗೆ ಒಂದು ಸ್ಯಾಕ್ಸೊಫೋನ್ ಕೇಳಿಸ್ತಾ ಇರುತ್ತೆ, ಗಮನಿಸಿದ್ದೀರಾ? ಆ ಬಗೆಯ ಸಂಗೀತಕ್ಕೆ ‘ಸ್ಮೂತ್ ಜಾಝ್’ ಅಂತ ಹೆಸರು. ಜಾಝ್ ಬಲ್ಲವರ ಮುಂದೆ ಈ ಹೆಸರು ಎತ್ತಿದರೆ ಮೂಗು ಮುರೀತಾರೆ. ಅದು ಲಿಫ್ಟ್ ಮ್ಯೂಸಿಕ್, ಜಾಝೇ ಅಲ್ಲ ಅನ್ನೋದು ಹಳೇ ದೂರು.

ಈ ದೂರಿನಲ್ಲಿ ಸ್ವಲ್ಪ ಸತ್ಯ ಇದೆ, ಪೂರ್ತಿ ಇಲ್ಲ. ಈ ಶೈಲಿಗೆ ದಾರಿ ಮಾಡಿಕೊಟ್ಟವರಲ್ಲಿ ಮೊದಲ ಸಾಲಿನ ಹೆಸರು ಗ್ರೋವರ್ ವಾಷಿಂಗ್ಟನ್ ಜೂನಿಯರ್. ಅವರ ರೆಕಾರ್ಡಿಂಗ್‌ಗಳನ್ನ ಮೆಷಿನ್ ಬಿಚ್ಚಿ ನೋಡಿದ ಹಾಗೆ ಬಿಚ್ಚಿ ನೋಡಿದರೆ, ಆ ನುಣುಪಿನ ಒಳಗೆ ಎಷ್ಟು ಕೆಲಸ ಅಡಗಿದೆ ಅನ್ನೋದು ಗೊತ್ತಾಗುತ್ತೆ.

ಮೊದಲು ವಾದ್ಯದ ಬಗ್ಗೆ ಒಂಚೂರು

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಈ ವಾದ್ಯವನ್ನ ರೂಪಿಸಿ 1846ರಲ್ಲಿ ಫ್ರಾನ್ಸಿನಲ್ಲಿ ಪೇಟೆಂಟ್ ಪಡೆದರು. ಮೈಯೆಲ್ಲ ಹಿತ್ತಾಳೆ ಆದರೂ ಇದು ವುಡ್‌ವಿಂಡ್ ಗುಂಪಿಗೇ ಸೇರುತ್ತೆ. ಯಾಕಂದ್ರೆ ನಾದ ಹುಟ್ಟೋದು ಬಾಯಲ್ಲಿ ಹಿಡಿಯೋ ರೀಡ್‌ನಿಂದ, ಅಂದ್ರೆ ಜೊಂಡಿನ ತೆಳ್ಳನೆ ಸೀಳಿನ ಕಂಪನದಿಂದ.

ಪಿಯುಸಿ ಫಿಸಿಕ್ಸ್‌ನಲ್ಲಿ ಓದಿದ್ದು ನೆನಪಿದೆಯಾ? ಒಂದು ತುದಿ ಮುಚ್ಚಿದ ಸಿಲಿಂಡರ್ ಕೊಳವೆಯಲ್ಲಿ ಬೆಸ ಹಾರ್ಮೋನಿಕ್‌ಗಳು ಮಾತ್ರ ಹುಟ್ಟುತ್ತವೆ. ಕ್ಲಾರಿನೆಟ್ ಹೆಚ್ಚುಕಡಿಮೆ ಆ ಜಾತಿ. ಸ್ಯಾಕ್ಸೊಫೋನ್ ಕೊಳವೆ ಮಾತ್ರ ಕೋನ್ ಆಕಾರದ್ದು, ಹೋಗ್ತಾ ಹೋಗ್ತಾ ಅಗಲ ಆಗುತ್ತೆ. ಅದರಲ್ಲಿ ಬೆಸ, ಸಮ ಎರಡೂ ಹಾರ್ಮೋನಿಕ್‌ಗಳು ಸಿಗುತ್ತವೆ. ಹಾಗಾಗಿ ಬೆರಳುಗಳನ್ನ ಹಾಗೇ ಇಟ್ಟುಕೊಂಡು ಆಕ್ಟೇವ್ ಕೀ ಒತ್ತಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತೆ. ದನಿಯೂ ತುಂಬಿಕೊಂಡಿರುತ್ತೆ.

ಇನ್ನೊಂದು ಗುಣ ಇದೆ. ತುಟಿಯ ಬಿಗಿ ಮತ್ತು ಉಸಿರಿನ ಒತ್ತಡ ಬದಲಾಯಿಸಿದರೆ ಸ್ವರವನ್ನ ಎಳೀಬಹುದು, ಜಾರಿಸಬಹುದು, ಮನುಷ್ಯರು ಹಾಡೋ ಹಾಗೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತ ನಮ್ಮ ಕದ್ರಿ ಗೋಪಾಲನಾಥ್ ಅದನ್ನ ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗಿಸಿದ್ದೂ ಈ ಗುಣದಿಂದಲೇ. ಗ್ರೋವರ್ ಅದೇ ಗುಣವನ್ನ ಅಮೆರಿಕದ ಸೋಲ್ ಸಂಗೀತದ ಹಾಡುಗಾರಿಕೆಗೆ ಬಳಸಿಕೊಂಡರು.

ಬಫಲೊದಿಂದ ಫಿಲಡೆಲ್ಫಿಯಾಗೆ

ಗ್ರೋವರ್ ಹುಟ್ಟಿದ್ದು 1943ರ ಡಿಸೆಂಬರ್ 12ರಂದು, ನ್ಯೂಯಾರ್ಕ್ ರಾಜ್ಯದ ಬಫಲೊ ಊರಿನಲ್ಲಿ. ಅಪ್ಪ ಸ್ಯಾಕ್ಸೊಫೋನ್ ನುಡಿಸ್ತಿದ್ದರು, ಅಮ್ಮ ಚರ್ಚ್‌ನಲ್ಲಿ ಹಾಡ್ತಿದ್ದರು. ಮನೆಯಲ್ಲೇ ಸಂಗೀತ ಇದ್ದಿದ್ದರಿಂದ ಚಿಕ್ಕ ವಯಸ್ಸಲ್ಲೇ ಕೈಗೆ ಸ್ಯಾಕ್ಸ್ ಬಂತು. ಹದಿಹರೆಯದಲ್ಲೇ ‘ಫೋರ್ ಕ್ಲೆಫ್ಸ್’ ಅನ್ನೋ ತಂಡದ ಜೊತೆ ಊರೂರು ಸುತ್ತಿದರು.

ಆಮೇಲೆ ಸೇನೆಯ ಕರೆ ಬಂತು. ಅಲ್ಲಿನ ಬ್ಯಾಂಡಿನಲ್ಲಿ ಸಿಕ್ಕಿದ್ದು ಡ್ರಮ್ಮರ್ ಬಿಲ್ಲಿ ಕೋಬಮ್. ಮುಂದೆ ಫ್ಯೂಷನ್ ಸಂಗೀತದಲ್ಲಿ ದೊಡ್ಡ ಹೆಸರು ಮಾಡಿದ ಇದೇ ಕೋಬಮ್, ಗ್ರೋವರ್‌ಗೆ ನ್ಯೂಯಾರ್ಕಿನ ಸಂಗೀತಗಾರರ ಪರಿಚಯ ಮಾಡಿಸಿದರು. ಸೇನೆಯಿಂದ ಬಂದ ಮೇಲೆ, 1967ರಲ್ಲಿ, ಗ್ರೋವರ್ ಫಿಲಡೆಲ್ಫಿಯಾದಲ್ಲಿ ನೆಲೆಸಿದರು. ಹಗಲು ರೆಕಾರ್ಡ್ ಸಗಟು ವ್ಯಾಪಾರಿಯ ಹತ್ತಿರ ಕೆಲಸವನ್ನೂ ಮಾಡಿದರು. ಬೇರೆಯವರ ಆಲ್ಬಮ್‌ಗಳಲ್ಲಿ ಪಕ್ಕವಾದ್ಯ ನುಡಿಸೋದೂ ನಡೀತಿತ್ತು. ಆಗ ಅವರ ಮುಖ್ಯ ವಾದ್ಯ ಟೆನರ್ ಸ್ಯಾಕ್ಸ್.

ಬದಲಿ ಆಟಗಾರನಾಗಿ ಬಂದವರು

1971ರಲ್ಲಿ ನಿರ್ಮಾಪಕ ಕ್ರೀಡ್ ಟೇಲರ್ ತಮ್ಮ ‘ಕುಡು’ ಲೇಬಲ್ಲಿಗಾಗಿ ಹ್ಯಾಂಕ್ ಕ್ರಾಫರ್ಡ್ ಅನ್ನೋ ಆಲ್ಟೊ ಸ್ಯಾಕ್ಸ್ ವಾದಕರ ಆಲ್ಬಮ್ ಸಿದ್ಧ ಮಾಡ್ತಿದ್ದರು. ಬಾಬ್ ಜೇಮ್ಸ್ ವಾದ್ಯ ಸಂಯೋಜನೆ ಮಾಡಿದ್ದರು, ಎಲ್ಲ ತಯಾರಾಗಿತ್ತು. ಆದರೆ ಕ್ರಾಫರ್ಡ್ ಬರೋಕಾಗಲಿಲ್ಲ. ಆ ಜಾಗಕ್ಕೆ ಗ್ರೋವರನ್ನ ಕರೆದರು. ತಮ್ಮ ಮುಖ್ಯ ವಾದ್ಯ ಅಲ್ಲದ ಆಲ್ಟೊ ಹಿಡಿದು, ಬೇರೆಯವರಿಗಾಗಿ ರೂಪಿಸಿದ ಸಂಗೀತವನ್ನ ಅವರು ನುಡಿಸಿಬಿಟ್ಟರು. ‘ಇನ್ನರ್ ಸಿಟಿ ಬ್ಲೂಸ್’ ಅನ್ನೋ ಅವರ ಮೊದಲ ಆಲ್ಬಮ್ ಹುಟ್ಟಿದ್ದು ಹೀಗೆ.

ಇದನ್ನ ಅದೃಷ್ಟ ಅಂತ ಹೇಳಿಬಿಡೋದು ಸುಲಭ. ಆದರೆ ಅಷ್ಟೊತ್ತಿಗೆ ಗ್ರೋವರ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕ್ಲಬ್ಬು, ಸೇನಾ ಬ್ಯಾಂಡು, ಸ್ಟುಡಿಯೊ ಅಂತ ಎಲ್ಲ ಕಡೆ ನುಡಿಸಿ ಪಳಗಿದ್ದರು.

ಆಲ್ಬಮ್‌ನ ಹಾಡುಗಳ ಆಯ್ಕೆಯನ್ನೂ ಗಮನಿಸಬೇಕು. ಶೀರ್ಷಿಕೆ ಗೀತೆ ಮಾರ್ವಿನ್ ಗೇ ಅವರದು. ಅದು ಕಪ್ಪು ಜನರ ಬಡ ಬಡಾವಣೆಗಳ ಸಿಟ್ಟು, ಸಂಕಟದ ಹಾಡು. ಪರಿಸರ ಮಾಲಿನ್ಯದ ಬಗ್ಗೆ ಗೇ ಬರೆದ ‘ಮರ್ಸಿ ಮರ್ಸಿ ಮಿ’ ಕೂಡ ಇದೆ. ಅಂದ್ರೆ ಸ್ಮೂತ್ ಜಾಝ್‌ನ ಬೇರುಗಳಲ್ಲಿ ಒಂದು ನೇರವಾಗಿ ಬೀದಿಯ ಮಣ್ಣಲ್ಲೇ ಇದೆ. ಬಿಲ್ ವಿದರ್ಸ್ ಅವರ ‘ಏಂಟ್ ನೋ ಸನ್‌ಶೈನ್’ ಕೂಡ ಇದೇ ಆಲ್ಬಮ್‌ನಲ್ಲಿದೆ. ವಿದರ್ಸ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರ್ತಾರೆ.

ಮಿಸ್ಟರ್ ಮ್ಯಾಜಿಕ್, 1975

ಈ ಆಲ್ಬಮ್‌ನಲ್ಲಿ ಇರೋದು ನಾಲ್ಕೇ ಟ್ರ್ಯಾಕು. ಶೀರ್ಷಿಕೆಯ ಟ್ರ್ಯಾಕ್ ಬರೆದವರು ರಾಲ್ಫ್ ಮ್ಯಾಕ್‌ಡೊನಾಲ್ಡ್ ಮತ್ತು ವಿಲಿಯಂ ಸಾಲ್ಟರ್. ರೆಕಾರ್ಡಿಂಗ್ ನಡೆದಿದ್ದು ನ್ಯೂಜೆರ್ಸಿಯಲ್ಲಿ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೊದಲ್ಲಿ. ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ ದಾಖಲಾಗಿದ್ದೂ ಅಲ್ಲೇ.

ಟ್ರ್ಯಾಕ್ ಕೇಳುವಾಗ ಒಂದು ಸಲ ಸ್ಯಾಕ್ಸ್ ಬಿಟ್ಟು ಉಳಿದಿದ್ದನ್ನ ಮಾತ್ರ ಕೇಳಿ ನೋಡಿ. ಹಾರ್ವಿ ಮೇಸನ್ ಡ್ರಮ್ಸ್, ಎರಿಕ್ ಗೇಲ್ ಗಿಟಾರ್, ಬಾಬ್ ಜೇಮ್ಸ್ ಕೀಬೋರ್ಡ್. ಎಲ್ಲರೂ ಒಂದೇ ತಾಳದ ಮೇಲೆ ಗಟ್ಟಿಯಾಗಿ ಕೂತಿದ್ದಾರೆ, ಯಾರೂ ಅವಸರ ಮಾಡಲ್ಲ. ಗ್ರೋವರ್ ಒಂದು ಸಣ್ಣ ಪಲುಕು ನುಡಿಸಿ ನಿಲ್ಲಿಸ್ತಾರೆ, ಜಾಗ ಬಿಡ್ತಾರೆ, ಆಮೇಲೆ ಇನ್ನೊಂದು. ಬೀಬಾಪ್ ಜಾಝ್‌ನಲ್ಲಿ ಕಾರ್ಡ್‌ಗಳು ವೇಗವಾಗಿ ಬದಲಾಗ್ತವೆ, ವಾದಕ ಅದರ ಹಿಂದೆ ಓಡಬೇಕು. ಇಲ್ಲಿ ಕಾರ್ಡ್ ಬದಲಾವಣೆ ಕಮ್ಮಿ. ಹಾಗಾದ್ರೆ ಕೇಳುಗರನ್ನ ನಿಮಿಷಗಟ್ಟಲೆ ಹಿಡಿದಿಡೋದು ಹೇಗೆ? ನಾದದ ಬಣ್ಣ, ತಾಳದ ಒಳಗೆ ಸ್ವರ ಬೀಳೋ ಜಾಗ, ಮೌನದ ಅಳತೆ ಇವಿಷ್ಟರಿಂದ. ಎಡವಿದರೆ ಮುಚ್ಚಿಹಾಕೋಕೆ ವೇಗದ ಮರೆ ಇಲ್ಲ. ಬಿಲ್‌ಬೋರ್ಡಿನ ಪಾಪ್ ಆಲ್ಬಮ್ ಪಟ್ಟಿಯಲ್ಲಿ ಈ ಆಲ್ಬಮ್ 10ನೇ ಸ್ಥಾನಕ್ಕೆ ಏರಿತು. ವಾದ್ಯ ಸಂಗೀತಕ್ಕೆ ಇದು ಸಣ್ಣ ಮಾತಲ್ಲ.

ವೈನ್‌ಲೈಟ್, 1980

ಎಲೆಕ್ಟ್ರಾ ಕಂಪನಿಗಾಗಿ ಮಾಡಿದ ‘ವೈನ್‌ಲೈಟ್’ ಗ್ರೋವರ್ ಅವರ ಅತಿ ಪ್ರಸಿದ್ಧ ಆಲ್ಬಮ್. ಸ್ಟೀವ್ ಗ್ಯಾಡ್ ಡ್ರಮ್ಸ್, ಮಾರ್ಕಸ್ ಮಿಲ್ಲರ್ ಬೇಸ್, ರಿಚರ್ಡ್ ಟೀ ಕೀಬೋರ್ಡ್, ಮತ್ತೆ ಅದೇ ಎರಿಕ್ ಗೇಲ್ ಗಿಟಾರ್. ಆಗಿನ ನ್ಯೂಯಾರ್ಕ್ ಸ್ಟುಡಿಯೊಗಳ ಅತ್ಯುತ್ತಮ ಕೈಗಳೆಲ್ಲ ಒಂದೇ ಕಡೆ. ಫಿಲಡೆಲ್ಫಿಯಾದ ಬ್ಯಾಸ್ಕೆಟ್‌ಬಾಲ್ ತಾರೆ ಜೂಲಿಯಸ್ ಅರ್ವಿಂಗ್‌ಗೆ ಅರ್ಪಿಸಿದ ಒಂದು ಟ್ರ್ಯಾಕೂ ಇದರಲ್ಲಿದೆ.

ಆದರೆ ಜಗತ್ತು ನೆನಪಿಟ್ಟುಕೊಂಡಿದ್ದು ‘ಜಸ್ಟ್ ದ ಟೂ ಆಫ್ ಅಸ್’ ಹಾಡನ್ನ. ಹಾಡಿದವರು ಬಿಲ್ ವಿದರ್ಸ್. ಹಾಡುಗಾರನಾಗೋ ಮೊದಲು ವಿಮಾನಗಳ ಬಿಡಿಭಾಗದ ಫ್ಯಾಕ್ಟರಿಯಲ್ಲಿ ದುಡೀತಿದ್ದವರು. ಮ್ಯಾಕ್‌ಡೊನಾಲ್ಡ್, ಸಾಲ್ಟರ್, ವಿದರ್ಸ್ ಮೂವರೂ ಸೇರಿ ಬರೆದ ಹಾಡಿದು.

ಇದರ ಕಾರ್ಡ್ ಸರಣಿ ನೋಡಿ: ಡಿ ಫ್ಲಾಟ್ ಮೇಜರ್ ಸೆವೆನ್, ಸಿ ಸೆವೆನ್, ಎಫ್ ಮೈನರ್ ಸೆವೆನ್, ಆಮೇಲೆ ಇ ಫ್ಲಾಟ್ ಮೈನರ್ ಸೆವೆನ್, ಎ ಫ್ಲಾಟ್ ಸೆವೆನ್. ಸಿ ಸೆವೆನ್ ಬಂದಾಗ ಕಿವಿಯಲ್ಲಿ ಒಂದು ಬಿಗಿತ ಹುಟ್ಟುತ್ತೆ, ಎಫ್ ಮೈನರ್‌ಗೆ ಬಂದಾಗ ಅದು ಸಡಿಲಾಗುತ್ತೆ. ಮುಗೀತು ಅನ್ನೋಷ್ಟರಲ್ಲಿ ಕೊನೆಯ ಎರಡು ಕಾರ್ಡ್‌ಗಳು ಮತ್ತೆ ಡಿ ಫ್ಲಾಟ್‌ಗೇ ತಳ್ಳುತ್ತವೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬ್ರೇಕ್ ಇಲ್ಲದ ವೈಲ್ ಲೂಪು. ಹಾಡು ಮುಗಿದ ಮೇಲೂ ತಲೆಯಲ್ಲಿ ಸುತ್ತುತ್ತಾ ಇರೋದು ಇದಕ್ಕೇ. ಇವತ್ತಿಗೂ ಯೂಟ್ಯೂಬಿನ ಸಂಗೀತ ಪಾಠಗಳಲ್ಲಿ ಈ ಸರಣಿಯನ್ನ ಹಾಡಿನ ಹೆಸರಿನಿಂದಲೇ ಕರೀತಾರೆ.

ಆಲ್ಬಮ್‌ನಲ್ಲಿ ಈ ಹಾಡು ಏಳು ನಿಮಿಷಕ್ಕೂ ಮೀರಿದ್ದು. ರೇಡಿಯೊಗಾಗಿ ಅದನ್ನ ಹೆಚ್ಚುಕಡಿಮೆ ಅರ್ಧಕ್ಕೆ ಕತ್ತರಿಸಿದರು. ಪೂರ್ತಿ ರೂಪದಲ್ಲಿ ರಾಬರ್ಟ್ ಗ್ರೀನಿಜ್ ನುಡಿಸಿದ ಸ್ಟೀಲ್ ಡ್ರಮ್ ಇದೆ, ಗ್ರೋವರ್ ಅವರ ಉದ್ದನೆಯ ಸೋಲೊ ಇದೆ. ಹಾಡುಗಾರ ನಿಲ್ಲಿಸಿದ ಕಡೆಯಿಂದ ಸ್ಯಾಕ್ಸ್ ಮಾತು ಮುಂದುವರಿಸಿದ ಹಾಗಿರುತ್ತೆ ಅದು. 1981ರಲ್ಲಿ ಹಾಡು ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 2ನೇ ಸ್ಥಾನ ಮುಟ್ಟಿತು. ಮುಂದಿನ ವರ್ಷ ಆಲ್ಬಮ್‌ಗೂ ಹಾಡಿಗೂ ಗ್ರ್ಯಾಮಿ ಬಂತು. 1990ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾದವರೇ ಆದ ವಿಲ್ ಸ್ಮಿತ್ ಇದನ್ನೇ ಅಪ್ಪ-ಮಗನ ಹಾಡಾಗಿ ಮಾಡಿಕೊಂಡರು.

ಹಾಗಾದ್ರೆ ಇದು ಜಾಝ್ ಹೌದೋ ಅಲ್ವೋ?

‘ಸ್ಮೂತ್ ಜಾಝ್’ ಅನ್ನೋ ಹೆಸರು ಬಳಕೆಗೆ ಬಂದಿದ್ದು ಆಮೇಲೆ. 1986ರಲ್ಲಿ ಕೆನ್ನಿ ಜಿ ಅವರ ‘ಸಾಂಗ್‌ಬರ್ಡ್’ ಬಂತು. 1987ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ದ ವೇವ್’ ರೇಡಿಯೊ ಶುರುವಾಯ್ತು. ಅಲ್ಲಿಂದ ಮುಂದೆ ಈ ಸಂಗೀತ ಒಂದು ರೇಡಿಯೊ ಫಾರ್ಮ್ಯಾಟ್ ಆಗಿಬಿಡ್ತು. ಆಫೀಸಿನಲ್ಲಿ ಕೆಲಸಕ್ಕೆ ಅಡ್ಡಿ ಮಾಡದ ಸಂಗೀತ ಬೇಕಿತ್ತು. ಹಾಗಾಗಿ ಡ್ರಮ್ ಮಷಿನ್, ಸಿಂಥಸೈಜರ್ ಮೇಲೆ ಮೇಲ್ಪದರ ಮಾತ್ರ ಉಳಿದ ಸರಕು ಸಾಕಷ್ಟು ಬಂತು. ದೂರಿನಲ್ಲಿ ಸ್ವಲ್ಪ ಸತ್ಯ ಇದೆ ಅಂದಿದ್ದು ಇದಕ್ಕೆ. ಗ್ರೋವರ್ ಅವರ ಒಳ್ಳೇ ರೆಕಾರ್ಡಿಂಗ್‌ಗಳಲ್ಲಿ ಮಾತ್ರ ಮನುಷ್ಯರು ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸೋದು ಸ್ಪಷ್ಟವಾಗಿ ಕೇಳುತ್ತೆ.

ಅನುಮಾನ ಇದ್ದವರಿಗೆ 1988ರ ‘ದೆನ್ ಆ್ಯಂಡ್ ನೌ’ ಇದೆ. ಹರ್ಬಿ ಹ್ಯಾನ್‌ಕಾಕ್, ಟಾಮಿ ಫ್ಲಾನಗನ್, ರಾನ್ ಕಾರ್ಟರ್ ಅವರಂಥ ದಿಗ್ಗಜರ ಜೊತೆ ಗ್ರೋವರ್ ಇಲ್ಲಿ ಸಾಂಪ್ರದಾಯಿಕ ಜಾಝ್ ನುಡಿಸಿದ್ದಾರೆ. ಆ ದಾರಿಯೂ ಅವರಿಗೆ ಚೆನ್ನಾಗಿ ಗೊತ್ತಿತ್ತು.

1999ರ ಡಿಸೆಂಬರ್ 17ರಂದು ನ್ಯೂಯಾರ್ಕಿನಲ್ಲಿ ಒಂದು ಟಿವಿ ಕಾರ್ಯಕ್ರಮಕ್ಕೆ ನುಡಿಸಿ ಮುಗಿಸಿದ ಮೇಲೆ ಗ್ರೋವರ್ ಕುಸಿದುಬಿದ್ದರು. ಹೃದಯಾಘಾತ. 56 ತುಂಬಿ ಐದೇ ದಿನ ಆಗಿತ್ತು.

ಎಲ್ಲಿಂದ ಕೇಳೋದು?

ಮೊದಲು ‘ವೈನ್‌ಲೈಟ್’ ಪೂರ್ತಿ ಕೇಳಿ, ‘ಜಸ್ಟ್ ದ ಟೂ ಆಫ್ ಅಸ್’ನ ಉದ್ದನೆಯ ರೂಪವನ್ನೇ ಹುಡುಕಿ. ಆಮೇಲೆ ‘ಮಿಸ್ಟರ್ ಮ್ಯಾಜಿಕ್’. ಇಷ್ಟ ಆದ್ರೆ ‘ಇನ್ನರ್ ಸಿಟಿ ಬ್ಲೂಸ್’ ಮತ್ತು 1977ರ ‘ಲೈವ್ ಅಟ್ ದ ಬಿಜೂ’. ಕೊನೆಯದು ಫಿಲಡೆಲ್ಫಿಯಾದ ಕಛೇರಿ, ಸ್ಟುಡಿಯೊದ ಅಚ್ಚುಕಟ್ಟು ಇಲ್ಲದೆ ಅವರು ಹೇಗೆ ನುಡಿಸ್ತಿದ್ದರು ಅನ್ನೋದು ಅದರಲ್ಲಿ ತಿಳಿಯುತ್ತೆ. ಒಂದೇ ಒಂದು ಕೋರಿಕೆ: ರೆಕಾರ್ಡ್ ಬರೀತಾ ಹಿನ್ನೆಲೆಗೆ ಹಾಕ್ಕೋಬೇಡಿ. ಒಳ್ಳೇ ಇಯರ್‌ಫೋನ್ ಹಾಕ್ಕೊಂಡು, ಬೇರೇನೂ ಮಾಡದೆ, ಒಂದು ಟ್ರ್ಯಾಕ್ ಆದ್ರೂ ಕೇಳಿ.