ಹುಲ್ಲು ಕತ್ತರಿಸುವ ಹಳೆಯ ಮೆಷಿನ್: ಸೀಲ್ ಬದಲಿಸಿ, ಮೇವು ಕಾಪಾಡಿ



ಕೆ.ಆರ್.ಪುರ, ಬಿದರಹಳ್ಳಿ, ವರ್ತೂರು ಸುತ್ತಮುತ್ತಲ ಹೊಲ ತೋಟಗಳು ಬಡಾವಣೆಗಳಾದ ಮೇಲೆ ಹಸಿರು ಮೇವಿಗೆ ಎಷ್ಟು ಅಲೆಯಬೇಕು ಎಂಬುದು ನಿಮಗೆ ಗೊತ್ತೇ ಇದೆ. ಖಾಲಿ ಸೈಟುಗಳ ಹುಲ್ಲು, ಹಲಸೂರು ಇಂದಿರಾನಗರದ ಕಡೆ ದೊಡ್ಡ ಮನೆಗಳ ಲಾನ್ ಹುಲ್ಲು, ಎಲ್ಲವೂ ಇಂದು ಹಸುವಿನ ಗೋದಲಿಗೆ ಬರುತ್ತಿವೆ. ಇದಕ್ಕಾಗಿ ಶಿವಾಜಿನಗರದ ಗುಜರಿಯಿಂದಲೋ ಪರಿಚಯದವರಿಂದಲೋ ಹಳೆಯ ಲಾನ್ ಮೂವರ್ ಕೊಂಡು ರಿಪೇರಿ ಮಾಡಿಸಿಕೊಂಡವರೂ ಇದ್ದಾರೆ. ಕೆಲಸ ಹಗುರವಾಗುತ್ತದೆ, ಒಳ್ಳೆಯದೇ. ಆದರೆ ಮೆಷಿನ್ ರಿಪೇರಿ ಮಾಡಿಸುವಾಗ ಒಂದು ಚಿಕ್ಕ ರಬ್ಬರ್ ಬಳೆಯನ್ನು ಮರೆತರೆ ಅದರ ತೊಂದರೆ ನೇರವಾಗಿ ಹಸುವಿನ ಹೊಟ್ಟೆಗೆ ಹೋಗುತ್ತದೆ. ಅದೇ ಆಯಿಲ್ ಸೀಲ್.

ಆಯಿಲ್ ಸೀಲ್ ಎಂದರೇನು?

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಏನಾಗುತ್ತದೆ? ಹಬೆ ಪಕ್ಕದಲ್ಲೇ ಹೋಗುತ್ತದೆ, ವಿಷಲ್ ಬರುವುದಿಲ್ಲ. ಎಂಜಿನ್ನಿನ ಸೀಲ್ ಕೂಡ ಅದೇ ಜಾತಿಯದು. ವ್ಯತ್ಯಾಸ ಇಷ್ಟೇ: ಕುಕ್ಕರಿನ ಗ್ಯಾಸ್ಕೆಟ್ ನಿಂತಲ್ಲೇ ಇರುತ್ತದೆ, ಆಯಿಲ್ ಸೀಲ್ ಮಾತ್ರ ತಿರುಗುವ ಶಾಫ್ಟನ್ನು ಅಪ್ಪಿಕೊಂಡು ಒಳಗಿನ ಎಣ್ಣೆಯನ್ನು ಒಳಗೇ ತಡೆಯಬೇಕು. ಅದರ ರಬ್ಬರ್ ತುಟಿಯ ಹಿಂದೆ ತೆಳುವಾದ ಸ್ಪ್ರಿಂಗ್ ಇರುತ್ತದೆ. ಬಿಸಿಗೆ, ಧೂಳಿಗೆ, ವರ್ಷಗಟ್ಟಲೆ ಬಳಸದೆ ಇಟ್ಟಿದ್ದಕ್ಕೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ತಳ್ಳಿಕೊಂಡು ಹೋಗುವ ಲಾನ್ ಮೂವರಿನಲ್ಲಿ ಎಂಜಿನ್ ಮೇಲಿದ್ದು ಶಾಫ್ಟ್ ನೆಟ್ಟಗೆ ಕೆಳಗಿಳಿದಿರುತ್ತದೆ. ಅದರ ತುದಿಗೇ ಬ್ಲೇಡು, ಬ್ಲೇಡಿನ ಮೇಲೆಯೇ ಸೀಲ್. ಸೀಲ್ ಸೋರಿದರೆ ಎಣ್ಣೆ ಬ್ಲೇಡಿನ ಮೇಲೆ ಬಿದ್ದು, ಕತ್ತರಿಸಿದ ಹುಲ್ಲಿಗೆ ಸಿಡಿದು, ಚೀಲದೊಳಗೆ ಸೇರುತ್ತದೆ. ಹುಲ್ಲು ಹಸಿರಾಗೇ ಕಾಣುವುದರಿಂದ ನಮಗೆ ತಿಳಿಯುವುದಿಲ್ಲ.

ಹಸುವಿಗೆ ಏನು ತೊಂದರೆ?

ಎಂಜಿನ್ ಎಣ್ಣೆ, ಪೆಟ್ರೋಲ್, ಸೀಮೆಎಣ್ಣೆ ಯಾವುದೂ ಹಸುವಿನ ಹೊಟ್ಟೆಗೆ ಒಗ್ಗುವುದಿಲ್ಲ. ಬಳಸಿದ ಕಪ್ಪು ಎಣ್ಣೆಯಲ್ಲಿ ಸವೆದ ಲೋಹದ ಪುಡಿಯೂ ಇರುತ್ತದೆ. ಹೆಚ್ಚು ಸೇರಿದರೆ ಹಸು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬರಿಸಬಹುದು, ಸಗಣಿ ತೆಳುವಾಗಬಹುದು, ಹಾಲು ಇಳಿಯುತ್ತದೆ. ಪೆಟ್ರೋಲಿನಂಥ ತೆಳು ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಿ ಪ್ರಾಣಕ್ಕೇ ಕುತ್ತು. ಹಾಲು ವಾಸನೆಯನ್ನು ಬೇಗ ಹೀರುತ್ತದೆ. ಸೀಮೆಎಣ್ಣೆಯ ವಾಸನೆ ಬರುವ ಒಂದು ಕ್ಯಾನ್ ಹಾಲು ಸಂಘದಲ್ಲಿ ಉಳಿದವರ ಹಾಲನ್ನೂ ಕೆಡಿಸಬಲ್ಲದು.

ಸೀಲ್ ಹೋಗಿದೆ ಎಂದು ತಿಳಿಯುವುದು ಹೇಗೆ?

• ಮೆಷಿನ್ ನಿಲ್ಲಿಸಿದ ಜಾಗದಲ್ಲಿ ಎಣ್ಣೆ ಹನಿ, ಬ್ಲೇಡಿನ ನಡುಭಾಗಕ್ಕೆ ಅಂಟಿದ ಕಪ್ಪು ಜಿಡ್ಡು.
• ಅಳತೆ ಕಡ್ಡಿಯಲ್ಲಿ ಎಣ್ಣೆ ಪದೇಪದೇ ಕಡಿಮೆ ಕಾಣುವುದು.
• ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕುವ ಬ್ರಷ್ ಕಟರ್‌ಗಳಲ್ಲಿ ಲಕ್ಷಣ ಬೇರೆ. ಅಲ್ಲಿ ಸವೆದ ಸೀಲ್ ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ಎಂಜಿನ್ ತಾನಾಗಿ ಜೋರಾಗಿ ಓಡುತ್ತದೆ, ನಿಧಾನಕ್ಕೆ ಬರುವುದಿಲ್ಲ, ವಿಪರೀತ ಬಿಸಿಯಾಗಿ ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಬದಲಿಸುವ ಕ್ರಮ

ಕೆಳಗಿನ ಸೀಲನ್ನು ಹಲವು ಮೂವರ್‌ಗಳಲ್ಲಿ ಎಂಜಿನ್ ಬಿಚ್ಚದೆಯೇ ಬದಲಿಸಬಹುದು. ಮೇಲಿನ ಸೀಲ್ ಫ್ಲೈವೀಲ್ ಅಡಿಯಲ್ಲಿರುತ್ತದೆ. ಅದಕ್ಕೆ ಪುಲ್ಲರ್ ಬೇಕು, ಮೆಕ್ಯಾನಿಕ್‌ಗೇ ಬಿಡಿ. ನೀವೇ ಮಾಡಿದರೂ ಮಾಡಿಸಿದರೂ ಈ ಕ್ರಮ ತಿಳಿದಿರಲಿ:

1. ಮೊದಲು ಪ್ಲಗ್‌ನ ವೈರ್ ಕಳಚಿ. ಇದನ್ನು ಮಾಡದೆ ಬ್ಲೇಡಿಗೆ ಕೈ ಹಾಕಲೇಬೇಡಿ.
2. ಪೆಟ್ರೋಲ್, ಎಣ್ಣೆ ಎರಡನ್ನೂ ಡಬ್ಬಕ್ಕೆ ಇಳಿಸಿ. ಏರ್ ಫಿಲ್ಟರ್ ಮೇಲಿರುವಂತೆ ಮೆಷಿನ್ ವಾಲಿಸಿ, ಬ್ಲೇಡ್ ಬಿಚ್ಚಿ.
3. ಹಳೆಯ ಸೀಲ್ ಎಷ್ಟು ಆಳದಲ್ಲಿ ಕೂತಿದೆ ಎಂದು ಗುರುತು ಮಾಡಿಕೊಂಡು ಮೀಟಿ ತೆಗೆಯಿರಿ. ಶಾಫ್ಟಿಗೆ ಸ್ಕ್ರೂಡ್ರೈವರ್ ಗೀರಬಾರದು. ಆ ಗೀರಿನಲ್ಲೇ ಎಣ್ಣೆ ಮತ್ತೆ ಸೋರುತ್ತದೆ.
4. ಸೀಲಿನ ಮೇಲೆ ಅಳತೆ ಅಚ್ಚಾಗಿರುತ್ತದೆ. ಉದಾಹರಣೆಗೆ 25-40-7 ಎಂದಿದ್ದರೆ ಶಾಫ್ಟ್ 25 ಮಿ.ಮೀ., ಹೊರ ಅಳತೆ 40 ಮಿ.ಮೀ., ದಪ್ಪ 7 ಮಿ.ಮೀ. ಹಳೆಯದನ್ನು ಜೊತೆಗೆ ಒಯ್ದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅದೇ ಅಳತೆಯದನ್ನು ಕೇಳಬಹುದು. ಗುಜರಿಯಲ್ಲಿ ಮೆಷಿನ್ ಕೊಳ್ಳಿ, ಸೀಲ್ ಮಾತ್ರ ಹೊಸದೇ ಇರಲಿ.
5. ಶಾಫ್ಟ್ ಒರೆಸಿ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗಾಡಿ ಬಿದ್ದಿದ್ದರೆ ಹೊಸ ಸೀಲೂ ನಿಲ್ಲುವುದಿಲ್ಲ, ಮೆಕ್ಯಾನಿಕ್‌ಗೆ ತೋರಿಸಿ.
6. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ. ಶಾಫ್ಟಿನ ಚೂಪು ಅಂಚಿಗೆ ಟೇಪ್ ಸುತ್ತಿ ಸೀಲ್ ತೂರಿಸಿ, ಆಮೇಲೆ ಟೇಪ್ ತೆಗೆಯಿರಿ. ಸ್ಪ್ರಿಂಗ್ ಕಾಣುವ ಮುಖ ಎಂಜಿನ್ ಒಳಗಡೆಗೆ ಇರಬೇಕು.
7. ಸೀಲಿನ ಹೊರ ಅಳತೆಗಿಂತ ಸ್ವಲ್ಪ ಚಿಕ್ಕದಾದ ಪೈಪ್ ತುಂಡು ಇಟ್ಟು ಸುತ್ತಲೂ ಸಮನಾಗಿ ಮೆಲ್ಲಗೆ ತಟ್ಟಿ, ಮೊದಲಿನ ಆಳಕ್ಕೇ ಕೂರಿಸಿ. ಓರೆಯಾದರೆ ಸೋರುತ್ತದೆ.

ಹೊಸ ಸೀಲೂ ಸೋರಿದರೆ?

ಆಗ ತಪ್ಪು ಸೀಲಿನದ್ದಲ್ಲದೆಯೂ ಇರಬಹುದು. ಎಂಜಿನ್ನಿನ ಉಸಿರುಗಂಡಿ, ಅಂದರೆ ಬ್ರೀದರ್, ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಗುರುತಿಗಿಂತ ಹೆಚ್ಚು ಎಣ್ಣೆ ಸುರಿದರೂ ಹೀಗೇ ಆಗುತ್ತದೆ. ಶಾಫ್ಟ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದಾಗ ಆಡುತ್ತಿದ್ದರೆ ಬೇರಿಂಗ್ ಸವೆದಿದೆ ಎಂದರ್ಥ. ಕೆಚ್ಚಲು ಬಾವಿಗೆ ಔಷಧಿ ಕೊಟ್ಟು ಕೊಟ್ಟಿಗೆಯನ್ನು ಕೊಳೆಯಾಗೇ ಬಿಟ್ಟರೆ ಬಾವು ಮರಳಿ ಬರುವುದಿಲ್ಲವೇ? ಇಲ್ಲೂ ಹಾಗೇ, ಕಾರಣ ಹುಡುಕಬೇಕು. ಹಳೆಯ ಎಂಜಿನ್ ಒಮ್ಮೆ ಪೂರ್ತಿ ಬಿಚ್ಚಿದ ಮೇಲೆ ಎಲ್ಲ ಸೀಲು, ಗ್ಯಾಸ್ಕೆಟ್‌ಗಳನ್ನೂ ಒಟ್ಟಿಗೇ ಬದಲಿಸಿ. ಇನ್ನೊಮ್ಮೆ ಬಿಚ್ಚುವ ಕೂಲಿ ಉಳಿಯುತ್ತದೆ.

ಮೇವು ಕತ್ತರಿಸುವ ಮುನ್ನ

ಗುರುತಿನವರೆಗೆ ಎಣ್ಣೆ ಹಾಕಿ, ಮೆಷಿನ್ ಹದಿನೈದು ನಿಮಿಷ ಓಡಿಸಿ, ಆಫ್ ಮಾಡಿದ ಮೇಲೆ ಹಳೆಯ ರಟ್ಟಿನ ಮೇಲೆ ನಿಲ್ಲಿಸಿ. ರಾತ್ರಿಯಿಡೀ ಅಲ್ಲೇ ಬಿಡಿ. ಬೆಳಿಗ್ಗೆ ರಟ್ಟು ಒಣಗಿದ್ದರೆ ಸರಿ. ಮೊದಲ ಸಲ ಕತ್ತರಿಸಿದ ಹುಲ್ಲನ್ನು ಹಸುವಿಗೆ ಹಾಕಬೇಡಿ. ಬ್ಲೇಡ್, ತಳ, ಚೀಲಕ್ಕೆ ಅಂಟಿದ ಹಳೆಯ ಜಿಡ್ಡನ್ನು ಸೋಪು ನೀರಿನಲ್ಲಿ ತೊಳೆಯಿರಿ. ಪೆಟ್ರೋಲ್ ತುಂಬಿಸುವುದು, ಎಣ್ಣೆ ಬದಲಿಸುವುದು ಕೊಟ್ಟಿಗೆಯಿಂದ, ಮೇವಿನಿಂದ ದೂರ ನಡೆಯಲಿ. ಇಳಿಸಿದ ಕಪ್ಪು ಎಣ್ಣೆಯನ್ನು ತೆರೆದಿಡಬೇಡಿ, ದನಗಳು ಅದನ್ನು ನೆಕ್ಕುವುದುಂಟು.

ಲಾನ್ ಹುಲ್ಲು ತರುವವರಿಗೆ ಇನ್ನೊಂದು ಮಾತು. ಕೀಟನಾಶಕ, ಕಳೆನಾಶಕ ಹೊಡೆದಿದ್ದಾರೆಯೇ ಎಂದು ಕೇಳಿ ತನ್ನಿ. ನುಣ್ಣಗೆ ಕತ್ತರಿಸಿದ ಹಸಿ ಹುಲ್ಲು ಗುಡ್ಡೆ ಹಾಕಿದರೆ ಬೇಗ ಬಿಸಿಯೇರಿ ಕೆಡುತ್ತದೆ. ಅಂದೇ, ಒಣ ಮೇವಿನ ಜೊತೆ ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ಕೊಡಿ.

ಹಸು ಎಣ್ಣೆ ತಾಗಿದ ಮೇವು ತಿಂದಿದ್ದರೆ

ಉಳಿದ ಮೇವನ್ನು ತಕ್ಷಣ ತೆಗೆದುಹಾಕಿ. ಮನೆಮದ್ದು ಎಂದು ಅಡುಗೆ ಎಣ್ಣೆಯನ್ನಾಗಲಿ ಬೇರೆ ಏನನ್ನಾಗಲಿ ಗೊಟ್ಟದಲ್ಲಿ ಕುಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಕೆಮ್ಮು, ಏದುಸಿರು, ಹೊಟ್ಟೆ ಉಬ್ಬರ ಕಂಡರೆ ಕಾಯಬೇಡಿ. ನಿಮ್ಮ ಸಂಘದ ಮೂಲಕ ಒಕ್ಕೂಟದ ಪಶುವೈದ್ಯರಿಗೆ ತಿಳಿಸಿ ಅಥವಾ ಸಂಚಾರಿ ಪಶುಚಿಕಿತ್ಸಾ ಘಟಕಕ್ಕಾಗಿ 1962ಕ್ಕೆ ಕರೆ ಮಾಡಿ. ವೈದ್ಯರು ಹೇಳುವವರೆಗೆ ಆ ಹಸುವಿನ ಹಾಲನ್ನು ಕ್ಯಾನಿಗೆ ಸುರಿಯಬೇಡಿ, ಮನೆಯಲ್ಲೂ ಬಳಸಬೇಡಿ.

ಬೆರಳಿಗೆ ತೊಡುವ ಉಂಗುರಕ್ಕಿಂತ ಸ್ವಲ್ಪ ದೊಡ್ಡದಿರುವ ಈ ಬಳೆಯ ಬೆಲೆ ಹಸುವಿನ ಒಂದು ದಿನದ ಚಿಕಿತ್ಸೆಯ ಖರ್ಚಿಗೆ ಹೋಲಿಸಿದರೆ ಏನೇನೂ ಅಲ್ಲ. ಮುಂದಿನ ಸಲ ಮೆಷಿನ್ ಹೊರತೆಗೆದಾಗ ಮೊದಲು ಅದರ ಅಡಿಯನ್ನು ನೋಡಿ, ಆಮೇಲೆ ಹುಲ್ಲಿಗೆ ಹೊರಡಿ.

– ಪಶುವೈದ್ಯಾಧಿಕಾರಿ